ಕಂಬಳಿ ಹೊದ್ದ ರೆಕ್ಕೆ

ಏನೂ ಸಿಗದಿರಲಿ ಎಂದು ಬೇಡಿಕೊಳ್ಳಬೇಕಾದ ಕೆಲಸ ತನ್ನದು. ಬಾಯಿ ಹಾಗೆಯೇ ಬೇಡಿಕೊಳ್ಳುತ್ತದೆ. ಆದರೆ ಎದೆಯ ಯಾವುದೋ ಮೂಲೆಯಲ್ಲಿ, ಇವತ್ತಾದರೂ ಏನಾದರೊಂದು ಸಿಗಲಿ ಎಂಬ ಆಸೆ ಮುದುರಿಕೊಂಡು ಕೂತಿರುತ್ತದಲ್ಲ, ಅದು ಕೆಟ್ಟ ಬುದ್ಧಿಯೇ? ಡಾಕ್ಟರು ಊರಿಗೆ ರೋಗ ಬರಲಿ ಎಂದು ಬಯಸಿದಂತಲ್ಲವೇ? ಚಳ್ಳಕೆರೆಯಿಂದ ಹೊರಟ ಓಮ್ನಿಯ ಹಿಂದಿನ ಸೀಟಿನಲ್ಲಿ, ಶಾಲನ್ನು ಕಿವಿಯ ಮೇಲೆಳೆದುಕೊಂಡು ಗಂಗಲಕ್ಷ್ಮಿ ಬೆಳಗಿನ ಜಾವ ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಇದು. ಯಾರಲ್ಲೂ ಕೇಳುವಂಥದ್ದಲ್ಲ. ಉತ್ತರ ಹೊಳೆಯುವ ಮೊದಲೇ ಗಾಡಿ ನಿಂತುಬಿಡುತ್ತದೆ.

ಕುದಾಪುರದ ದಾರಿಯಿಂದ ಸ್ವಲ್ಪ ಒಳಗೆ, ತಗಡಿನ ದೊಡ್ಡ ಶೆಡ್ಡು. ಅದರಾಚೆ ವರವು ಕಾವಲು ಎಂಬ ಹುಲ್ಲುಗಾವಲು, ಪುಷ್ಯದ ಮಂಜಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿದೆ. ಶೆಡ್ಡಿನೊಳಗೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕಪ್ಪು ರೆಕ್ಕೆಯೊಂದು ಮಲಗಿದೆ. ಪೈಲಟ್ ಇಲ್ಲದೆ ಹಾರುವ ಸಣ್ಣ ವಿಮಾನದ ರೆಕ್ಕೆ ಅದು. ಇಬ್ಬರು ಆಳುಗಳನ್ನು ತಲೆಗೆ ಕಾಲು ಜೋಡಿಸಿ ಮಲಗಿಸಿದಷ್ಟು ಉದ್ದ. ಒಂದು ಪುಟ್ಟ ಖಾಸಗಿ ಕಂಪನಿ ಇಂಥವನ್ನು ತಯಾರಿಸಿ ಇಲ್ಲಿ ಹಾರಿಸಿ ನೋಡುತ್ತದೆ. ಹಿಂದಿನ ದಿನ ಇಳಿಯುವಾಗ ವಿಮಾನದ ಒಂದು ಗಾಲಿ ಇಲಿಬಿಲದಲ್ಲಿ ಸಿಕ್ಕಿ, ರೆಕ್ಕೆಯ ತುದಿ ನೆಲಕ್ಕೆ ಬಡಿದಿದೆ. ಹೊರಗೆ ಒಂದು ಗೀರೂ ಇಲ್ಲ. ಇವತ್ತೇ ಮತ್ತೆ ಹಾರಬೇಕಂತೆ. ಹಾರಬಹುದೋ ಇಲ್ಲವೋ ಎಂದು ಮೊದಲು ಹೇಳಬೇಕಾದವಳು ಮೊಳಕಾಲ್ಮೂರಿನ ನೇಕಾರರ ಮನೆಯ ಈ ಹುಡುಗಿ. ವಯಸ್ಸು ಇಪ್ಪತ್ತಾರು. ಮಾತು ಕಡಿಮೆ.

"ಬಾರವ್ವ," ಎಂದು ಗೇಟು ತೆಗೆಯುತ್ತಾರೆ ಕಾವಲುಗಾರ ಓಬಳೇಶಣ್ಣ. ಐವತ್ತು ದಾಟಿದವರು, ಇದೇ ಸೀಮೆಯ ಕುರಿ ಸಾಕುವ ಮನೆತನದವರು. "ನಿನ್ ಪೇಶೆಂಟು ರಾತ್ರಿಯೆಲ್ಲ ಗೊರಕೆ ಹೊಡೀದಂಗೆ ಮಲಗಿತ್ತು. ಹೋಗಿ ನಾಡಿ ಹಿಡಿ."

ನಾಡಿ ಹಿಡಿಯುವುದು ಎಂಬ ಮಾತು ತಮಾಷೆಯದಾದರೂ ಕೆಲಸ ಹೆಚ್ಚು ಕಡಿಮೆ ಅದೇ. ಈ ರೆಕ್ಕೆಯಲ್ಲಿ ಲೋಹವಿಲ್ಲ. ಕೂದಲಿಗಿಂತ ಸಣ್ಣ ಕಾರ್ಬನ್ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಪದರದ ಮೇಲೆ ಪದರ ಹಾಸಿ, ಅಂಟು ಕುಡಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ್ದು. ತೂಕ ಕಡಿಮೆ, ಬಲ ಹೆಚ್ಚು. ಒಂದೇ ಕೆಟ್ಟ ಗುಣ. ತಗಡಿಗೆ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಇದು ಪೆಟ್ಟು ತಿಂದರೂ ಮುಖ ಸರಿಮಾಡಿಕೊಂಡು ಸುಮ್ಮನಿದ್ದುಬಿಡುತ್ತದೆ. ಒಳಗೆ ಎಳೆ ಹರಿದಿರಬಹುದು, ಪದರ ಬಿಟ್ಟಿರಬಹುದು. ಅದು ಗೊತ್ತಾಗುವುದು ಮೇಲೆ ಹೋದಾಗ.

ಕಾರ್ಬನ್ ಎಳೆಯಲ್ಲಿ ಕರೆಂಟು ಹರಿಯುತ್ತದೆ ಎಂಬುದೊಂದೇ ಇಲ್ಲಿ ಹಿಡಿದುಕೊಳ್ಳಲು ಸಿಗುವ ದಾರ. ರೆಕ್ಕೆಯ ಮೈಮೇಲೆ ಸಾಲಾಗಿ ಬೆಳ್ಳಿ ಬಣ್ಣದ ಸಣ್ಣ ಬೊಟ್ಟುಗಳಿವೆ. ಗಂಗಲಕ್ಷ್ಮಿ ನಾಲ್ಕು ಮೊನೆಗಳ ಪ್ರೋಬನ್ನು ನಾಲ್ಕು ಬೊಟ್ಟುಗಳ ಮೇಲೆ ಊರುತ್ತಾಳೆ. ಎರಡು ಮೊನೆಗಳಿಂದ ಇರುವೆ ಕಚ್ಚಿದಷ್ಟೂ ಅರಿವಿಗೆ ಬಾರದ ಕರೆಂಟು ಒಳಗೆ ಹೋಗುತ್ತದೆ. ಉಳಿದೆರಡು ಅದು ಎಷ್ಟು ತಡೆ ಕಂಡಿತು ಎಂದು ಅಳೆಯುತ್ತವೆ. ರೆಕ್ಕೆ ಹೊಸದಾಗಿದ್ದಾಗಿನ ಲೆಕ್ಕ ಕಂಪ್ಯೂಟರಿನಲ್ಲಿದೆ. ಒಳಗೆ ಎಳೆ ಹರಿದಿದ್ದರೆ ಕರೆಂಟು ಸುತ್ತು ಹಾಕಿ ಬರಬೇಕು, ತಡೆ ಏರುತ್ತದೆ, ಪರದೆಯಲ್ಲಿ ಆ ಜಾಗ ಹಸಿರಿನಿಂದ ಕೆಂಪಿಗೆ ತಿರುಗುತ್ತದೆ. ಏರುವುದಾದರೂ ಎಷ್ಟು? ನೂರಕ್ಕೆ ಅರ್ಧ, ಒಂದು. ಅಷ್ಟನ್ನು ಹಿಡಿಯಬೇಕಾದರೆ ಕೈ ನಡುಗಬಾರದು, ಮೊನೆ ಜಾರಬಾರದು. ಮುಖ್ಯವಾಗಿ ರೆಕ್ಕೆಯ ಮೈ ತುದಿಯಿಂದ ಬುಡದವರೆಗೆ ಒಂದೇ ಸಮ ತಣ್ಣಗಿರಬೇಕು. ಕಾರ್ಬನ್ ಬೆಚ್ಚಗಾದರೆ ಅದರ ತಡೆ ತಾನಾಗಿ ಇಳಿಯುತ್ತದೆ. ಬಿಸಿಲು ತಗಡಿನ ಪೂರ್ವದ ಗೋಡೆಗೆ ತಾಗಿದರೆ ರೆಕ್ಕೆಯ ಒಂದು ಪಕ್ಕ ಕಾದು ಲೆಕ್ಕವೆಲ್ಲ ಸುಳ್ಳಾಗುತ್ತದೆ. ಆದ್ದರಿಂದಲೇ ಈ ಕೆಲಸಕ್ಕೆ ಬೆಳಗಿನ ಜಾವ. ಸೂರ್ಯ ಬರುವ ಮೊದಲು ಮುಗಿಯಬೇಕು.

ಇದನ್ನು ಮನೆಯಲ್ಲಿ ವಿವರಿಸಲು ಗಂಗಲಕ್ಷ್ಮಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಮೊಳಕಾಲ್ಮೂರಿನಲ್ಲಿ ಅವಳಪ್ಪ ರೇಷ್ಮೆ ಸೀರೆ ನೇಯುತ್ತಾರೆ, ತಾಯಿ ಬೋರಕ್ಕ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾರೆ. ಮಗಳಿಗೆ ಏನು ಕೆಲಸ ಎಂದು ಕೇಳಿದವರಿಗೆಲ್ಲ ಬೋರಕ್ಕ "ಕರೆಂಟಿನ ಕೆಲಸ" ಎಂದು ಹೇಳಿಬಿಟ್ಟಿದ್ದಾರೆ. ಅದರ ಫಲವಾಗಿ ಭಾನುವಾರ ಊರಿಗೆ ಹೋದರೆ ಪಕ್ಕದ ಮನೆಯವರು ಕೆಟ್ಟ ಮಿಕ್ಸಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಬರುವುದಿಲ್ಲ ಎಂದು ಹೇಳಲು ಬಾಯಿ ಬಾರದೆ ಗಂಗಲಕ್ಷ್ಮಿ ಎರಡು ಮಿಕ್ಸಿ ರಿಪೇರಿ ಮಾಡುವುದನ್ನು ಮೊಬೈಲಿನಲ್ಲಿ ನೋಡಿ ಕಲಿತದ್ದೂ ಆಗಿದೆ.

"ನಮ್ ಸೀರೇಲಿ ಎಳೆ ಹರಿದ್ರೆ ಗಂಟು ಹಾಕಿ ಮುಂದಕ್ ಹೋಗ್ತೀವಿ," ಎನ್ನುತ್ತಾರೆ ಬೋರಕ್ಕ, ಕೈಯಲ್ಲಿನ ನೂಲು ನಿಲ್ಲಿಸದೆ. "ನಿಮ್ ರೆಕ್ಕೆಗೆ ಗಂಟು ಹಾಕಂಗಿಲ್ಲೇನು?"

"ಇಲ್ಲವ್ವ. ತುಂಡು ಕೊಯ್ದು ತ್ಯಾಪೆ ಹಾಕಿ ಮತ್ತೆ ಬೇಯಿಸ್ತಾರೆ."

"ಸರ್ಲೇ. ಅಷ್ಟ್ ಚಂದ ಓದಿ ಕೊನೀಗೆ ತ್ಯಾಪೆ ಹಾಕೋ ಕೆಲಸ." ಬೋರಕ್ಕ ನಗುತ್ತಾರೆ. ಮಗಳು ಕೊಟ್ಟ ಉಣ್ಣೆಯ ಟೋಪಿಯನ್ನು ಮಾತ್ರ ಅವರು ಬೇಸಿಗೆಯಲ್ಲೂ ಗೂಟದಿಂದ ತೆಗೆದಿಟ್ಟಿಲ್ಲ.

ಚಳ್ಳಕೆರೆಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ ಮೇಲೆ ಗಂಗಲಕ್ಷ್ಮಿ ಒಂದಷ್ಟು ಕಾಲ ಜೆರಾಕ್ಸ್ ಅಂಗಡಿಯಲ್ಲಿದ್ದಳು. ಈ ಕೆಲಸದ ಸಂದರ್ಶನಕ್ಕೆ ಬಂದ ದಿನ ಅವಳಿಗೆ ಧ್ವನಿಯೇ ಹೊರಡಲಿಲ್ಲ. ಎದುರಿಗೆ ಕೂತವರಲ್ಲಿ ದಾವಣಗೆರೆಯಿಂದ ಬಂದ ಎಂಜಿನಿಯರ್ ರಶ್ಮಿತಾ ಒಬ್ಬರು. ಅವರು ಪ್ರಶ್ನೆ ನಿಲ್ಲಿಸಿ ಪ್ರೋಬನ್ನು ಅವಳ ಕೈಗೆ ಕೊಟ್ಟರು. ಅದೇ ಜಾಗದಲ್ಲಿ ಎಷ್ಟು ಸಲ ಊರಿದರೂ ಅದೇ ಸಂಖ್ಯೆ ಬಂತು. "ಮಾತು ಆಮೇಲೆ ಕಲಿತರಾಯ್ತು, ಈ ಕೈ ಕಲಿಸೋಕಾಗಲ್ಲ," ಎಂದರಂತೆ ರಶ್ಮಿತಾ. ಉಳಿದ ವಿದ್ಯೆಯನ್ನೆಲ್ಲ ಅವರೇ ಕಲಿಸಿದ್ದಾರೆ. ಮಾತು ಕಲಿಯುವುದು ಮಾತ್ರ ಹಾಗೆಯೇ ಉಳಿದಿದೆ. ಏಜೆನ್ಸಿಯ ಮೂಲಕ ವರ್ಷಕ್ಕೊಮ್ಮೆ ನವೀಕರಣಗೊಳ್ಳುವ ನೌಕರಿ ಇದು. ಸಭೆಯಲ್ಲಿ ಅವಳ ಕುರ್ಚಿ ಗೋಡೆಯ ಪಕ್ಕ. ಯಾರಾದರೂ ಏನಾದರೂ ಕೇಳಿದರೆ ಅವಳು ಪರದೆಯ ಕಡೆ ಬೆರಳು ತೋರಿಸುತ್ತಾಳೆ. ಹೆಚ್ಚಿನ ದಿನ ಅಷ್ಟೇ ಸಾಕಾಗುತ್ತದೆ.

ಈ ಬೆಳಗ್ಗೆಯೂ ಪರದೆ ಹಸಿರಾಗಿದೆ. ಬುಡದಿಂದ ತುದಿಯವರೆಗೆ ನೂರರ ಹತ್ತಿರ ಬೊಟ್ಟುಗಳು, ಎಲ್ಲವೂ ಹಸಿರು. ನೆಲಕ್ಕೆ ಬಡಿದ ತುದಿಯೂ. ಹೊರಗೆ, ರೆಕ್ಕೆಯನ್ನು ಹಾರಿಸುವ ಜಾಗಕ್ಕೆ ಒಯ್ಯುವ ಟೆಂಪೋ ಸ್ಟಾರ್ಟಾಗಿದೆ. ಶೆಡ್ಡಿನ ಮುಖ್ಯಸ್ಥ ಮಲ್ಲಿಕಾರ್ಜುನಪ್ಪನವರು ಮಂಕಿ ಕ್ಯಾಪಿನೊಳಗಿಂದಲೇ ಯಾರಿಗೋ ಫೋನಿನಲ್ಲಿ "ಬಂದೇ ಬಿಟ್ವಿ" ಎನ್ನುತ್ತಿದ್ದಾರೆ.

ಪ್ರೋಬನ್ನು ಪೆಟ್ಟಿಗೆಗೆ ಇಡುವಾಗ ತುದಿಯ ಹತ್ತಿರದ ಒಂದು ಬೊಟ್ಟಿಗೆ ಕೂದಲು ಅಂಟಿದ್ದು ಗಂಗಲಕ್ಷ್ಮಿಗೆ ಕಾಣುತ್ತದೆ. ಕೂದಲಲ್ಲ, ಕರಿ ಉಣ್ಣೆಯ ಎಳೆ. ಉಗುರಿನಿಂದ ತೆಗೆಯಲೆಂದು ಕೈಗವಸು ಕಳಚುತ್ತಾಳೆ. ಬರಿಗೈ ರೆಕ್ಕೆಗೆ ತಾಗುತ್ತದೆ. ತಣ್ಣಗೆ ಕೊರೆಯಬೇಕಾದ ರೆಕ್ಕೆ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿದೆ. ಬುಡದ ಕಡೆ ಮುಟ್ಟಿ ನೋಡುತ್ತಾಳೆ. ಅಲ್ಲಿ ಐಸಿನಂಥ ತಣುಪು. ಉಷ್ಣಾಂಶ ನೋಡುವ ಥರ್ಮಾಮೀಟರ್ ನೇತುಬಿದ್ದಿರುವುದೂ ಬುಡದಲ್ಲೇ, ಅದಕ್ಕೆ ತುದಿಯ ಸುದ್ದಿ ಗೊತ್ತಿಲ್ಲ.

ಒಳಗೆ ಎಳೆ ಹರಿದಿದ್ದರೆ ತಡೆ ಏರಬೇಕು. ಬೆಚ್ಚಗಿದ್ದರೆ ತಡೆ ಇಳಿಯಬೇಕು. ಎರಡೂ ಒಟ್ಟಿಗೆ ಆಗಿದ್ದರೆ? ಏರಿದ್ದನ್ನು ಇಳಿದದ್ದು ತಿಂದುಹಾಕಿ, ಪರದೆ ಹಸಿರಾಗಿಯೇ ಕಾಣುತ್ತದೆ. ಈ ಹಸಿರು ರೆಕ್ಕೆಯದೋ ಬಿಸಿಯದೋ ಹೇಳುವವರು ಯಾರು?

ಗೇಟಿನ ಪಕ್ಕದ ಕಟ್ಟೆಯ ಮೇಲೆ ಓಬಳೇಶಣ್ಣನ ಕರಿ ಕಂಬಳಿ ಮಡಿಸಿಟ್ಟಿದೆ. ಗಂಗಲಕ್ಷ್ಮಿ ಅದನ್ನು ನೋಡುತ್ತಾಳೆ, ಅವರನ್ನು ನೋಡುತ್ತಾಳೆ.

"ಅಣ್ಣಾ, ರಾತ್ರಿ ರೆಕ್ಕೆಗೆ ಏನಾರ ಹೊದಿಸಿದ್ರಾ?"

"ಹ್ಞೂನವ್ವ. ತುದಿ ಕಡೆ ತಗಡು ಬಿಟ್ಕಂಡೈತಲ್ಲ, ಅಲ್ಲಿಂದ ಕುಳಿರ್ಗಾಳಿ ರೊಯ್ಯಂತ ಬರ್ತೈತೆ. ಥಂಡಿಗೆ ನಮ್ ತುಟೀನೇ ಸೀಳ್ತಾವೆ, ಅದು ಪಾಪ ಪೆಟ್ಟು ತಿಂದು ಬಂದೈತೆ. ಸಂಜಿ ಬಿಸಿಲಾಗೆ ತಂದು ಇಳಿಸಿದ್ರಲ್ಲ, ಆಗ್ಲೇ ನಾಕು ಮಡಿಕೆ ಮಾಡಿ ಹೊದಿಸ್ದೆ. ನೀ ಬರೋ ಹೊತ್ಗೆ ತೆಗ್ದೆ." ಅಷ್ಟು ಹೇಳಿ ಅವರು ಅವಳ ಮುಖ ನೋಡುತ್ತಾರೆ. "ಯಾಕವ್ವ, ಏನಾರ ಕೆಡ್ತಾ?"

ಕಾವಲುಗಾರರು ರೆಕ್ಕೆಗಳನ್ನು ಮುಟ್ಟಬಾರದೆಂದು ಬಾಗಿಲಲ್ಲಿ ಬೋರ್ಡಿದೆ. ಹಿಂದಿನ ಕಾವಲುಗಾರ ಪ್ರೊಪೆಲ್ಲರಿಗೆ ಟವೆಲ್ ಒಣಹಾಕಿದ್ದಕ್ಕೆ ಅದೇ ಸಂಜೆ ಏಜೆನ್ಸಿಯವರು ಅವನನ್ನು ಕಳಿಸಿದ್ದು ಇಬ್ಬರಿಗೂ ನೆನಪಿದೆ. ಓಬಳೇಶಣ್ಣ ಕಂಬಳಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಳ್ಳುತ್ತಾರೆ, ಅದನ್ನು ಯಾರೋ ಕಿತ್ತುಕೊಳ್ಳಲು ಬಂದಂತೆ.

"ಹೇಳ್ಬ್ಯಾಡ ಕಣವ್ವ. ಈ ವಯಸ್ಸಿಗೆ ನನ್ನ ಯಾರು ಕಾವಲಿಗೆ ಕರೀತಾರೆ?"

ಒಳಗಿನಿಂದ ರಶ್ಮಿತಾ ಕೂಗುತ್ತಾರೆ. "ಗಂಗಾ, ಹೇಗಿದೆ? ಲೋಡ್ ಮಾಡಿಸ್ಲಾ?"

ಅವಳು ಒಳಗೆ ಹೋಗುತ್ತಾಳೆ. ಪರದೆಯ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸುವುದಿಲ್ಲ. "ಮೇಡಂ, ನನ್ ಕೈ ತಪ್ತು. ತುದೀಲಿ ಪ್ರೋಬ್ ಸರಿ ಕೂತಿರ್ಲಿಲ್ಲ. ನಾಳೆ ಬೆಳಗ್ಗೆ ಇನ್ನೊಂದ್ಸಲ ನೋಡ್ಬೇಕು."

"ಪೂರ್ತಿ ಹಸಿರು ಬಂದಿದೆಯಲ್ಲ."

"ನಂಬಂಗಿಲ್ಲ ಮೇಡಂ. ನಂದೇ ತಪ್ಪು."

ರಶ್ಮಿತಾ ಉಸಿರು ಬಿಟ್ಟು ಟೆಂಪೋ ನಿಲ್ಲಿಸಲು ಕೈ ಮಾಡುತ್ತಾರೆ. ಮಲ್ಲಿಕಾರ್ಜುನಪ್ಪನವರು ಮಂಕಿ ಕ್ಯಾಪ್ ಕಿತ್ತು ಕೈಗೆ ತೆಗೆದುಕೊಳ್ಳುತ್ತಾರೆ. "ಏನಮ್ಮ, ಇಂಥ ದಿವಸವೇ ನಿನ್ ಕೈ ತಪ್ಪಬೇಕಾ? ಆ ಕಡೆ ಹಾರೋದು ನೋಡಾಕೆ ಜನ ಬಂದು ಕಾಯ್ತಾ ಕೂತವ್ರೆ." ಮತ್ತೆ ಫೋನು ಹಚ್ಚಿ, "ಇಲ್ಲ ಸಾರ್, ನಮ್ ಹುಡುಗಿ ಒಬ್ಳು ಎಡವಟ್ ಮಾಡ್ಕಂಡವ್ಳೆ," ಎನ್ನುತ್ತಾ ಆಚೆ ಹೋಗುತ್ತಾರೆ. ಗಂಗಲಕ್ಷ್ಮಿಗೆ ನಾಚಿಕೆಯಾಗುತ್ತದೆ. ಅದರ ಜೊತೆಗೇ, ವಿಚಿತ್ರವೆಂಬಂತೆ, ಒಂದು ಹಗುರವೂ. ರೆಕ್ಕೆ ಇವತ್ತು ಹಾರುವುದಿಲ್ಲ. ಓಬಳೇಶಣ್ಣ ಕೆಲಸ ಕಳೆದುಕೊಂಡು ಮನೆಗೆ ಹೋಗುವುದಿಲ್ಲ. ಎರಡಕ್ಕೂ ತೆತ್ತದ್ದು ತನ್ನ ಹೆಸರೊಂದೇ ತಾನೇ?

ಆ ರಾತ್ರಿ ಓಬಳೇಶಣ್ಣ ಕಂಬಳಿ ಹೊದಿಸಿಲ್ಲ. ಮರುದಿನ ಬೆಳಗಿನ ಜಾವ ರೆಕ್ಕೆ ಎಲ್ಲ ಕಡೆ ಒಂದೇ ಸಮ ತಣ್ಣಗಿದೆ. ತುದಿಯ ಹತ್ತಿರ ಬರುತ್ತಿದ್ದಂತೆ ಪರದೆಯಲ್ಲಿ ಒಂದು ಚೌಕ ಹಳದಿಯಾಗುತ್ತದೆ, ಪಕ್ಕದ್ದು ಕೆಂಪು, ಅದರಾಚೆಯದೂ ಕೆಂಪು. ಗಂಗಲಕ್ಷ್ಮಿ ಪ್ರೋಬ್ ತೆಗೆದು ಮತ್ತೆ ಊರುತ್ತಾಳೆ. ಮತ್ತೆ ಕೆಂಪು. ರಶ್ಮಿತಾ ಬಂದು ಜೇಬಿನಿಂದ ನಾಣ್ಯ ತೆಗೆದು ಆ ಜಾಗದ ಸುತ್ತ ತಟ್ಟುತ್ತಾರೆ. ಎಲ್ಲಿ ತಟ್ಟಬೇಕೆಂದು ಗೊತ್ತಿದ್ದರೆ ಮಾತ್ರ ಕೇಳಿಸುವ ವ್ಯತ್ಯಾಸ ಅದು. ಟಿಕ್ ಟಿಕ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬಂದು ಮಂಕಾಗುತ್ತದೆ, ಬಿರುಕು ಬಿಟ್ಟ ಮಡಕೆಯಂತೆ. ಒಳಗೆ ಪದರ ಬಿಟ್ಟಿದೆ. ವೀಳ್ಯದೆಲೆಯಷ್ಟು ಜಾಗ.

"ನಿನ್ನೆ ಇದು ಮೇಲೆ ಹೋಗಿದ್ದರೆ," ಎಂದು ಶುರುಮಾಡಿದ ರಶ್ಮಿತಾ ಮಾತನ್ನು ಅಲ್ಲಿಗೇ ಬಿಡುತ್ತಾರೆ. ಹುಲ್ಲುಗಾವಲಿನ ಅಂಚಿನಲ್ಲಿ ಹಗಲೆಲ್ಲ ಕುರಿ ಮೇಯಿಸುವವರಿರುತ್ತಾರೆ. ಎಲ್ಲರೂ ಒಂದು ಗಳಿಗೆ ಆ ಕಡೆ ನೋಡುತ್ತಾರೆ. ಆಮೇಲೆ ಚಹಾ ಬರುತ್ತದೆ, ನಗು ಬರುತ್ತದೆ. ಮಲ್ಲಿಕಾರ್ಜುನಪ್ಪನವರು ಗಂಗಲಕ್ಷ್ಮಿಯ ಲೋಟಕ್ಕೆ ತಾವೇ ಚಹಾ ಬಗ್ಗಿಸುತ್ತಾರೆ. "ನಿನ್ ಕೈ ತಪ್ಪಿದ್ದೇ ಚಲೋ ಆತು ಬಿಡಮ್ಮ. ವಾರಕ್ಕೊಂದ್ಸಲ ಹಿಂಗೇ ತಪ್ಪಸ್ತಿರು."

ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಸುಖವಾಗಿತ್ತು. ಗಂಗಲಕ್ಷ್ಮಿಗೂ ಹಾಗೇ ಅನಿಸುತ್ತದೆ, ಚಹಾ ಗುಟುಕರಿಸುತ್ತಾ. ಅಷ್ಟರಲ್ಲಿ ಮಲ್ಲಿಕಾರ್ಜುನಪ್ಪನವರು ಹೇಳುತ್ತಾರೆ: "ಇದು ರಿಪೇರಿಗೆ ಹೋಗ್ಲಿ. ಎರಡನೇ ವಿಮಾನ ಹೆಂಗೂ ರೆಡಿ ಐತೆ. ಅದರ ರೆಕ್ಕೆ ಹೋದ ವಾರವೇ ನೋಡಿದ್ದಲ್ಲ? ಅದನ್ನ ಒಯ್ದು ಹಾರಿಸಾನ. ಕಟ್ರಿ ಟೆಂಪೋಗೆ."

ಹೋದ ವಾರ. ಹೋದ ವಾರವೂ ಇದೇ ಚಳಿ ಇತ್ತು. ಗಂಗಲಕ್ಷ್ಮಿ ಲೋಟವನ್ನು ಅಲ್ಲೇ ಇಟ್ಟು ಗೇಟಿನ ಕಡೆ ಓಡುನಡಿಗೆಯಲ್ಲಿ ಹೋಗುತ್ತಾಳೆ.

"ಅಣ್ಣಾ, ಕಂಬಳಿ ಆವತ್ತು ಒಂದಿನ ಹೊದಿಸಿದ್ದಾ, ಇಲ್ಲ ಮೊದ್ಲೂ ಹೊದಿಸಿದ್ರಾ?"

ಓಬಳೇಶಣ್ಣ ಅಚ್ಚರಿಯಿಂದ ನೋಡುತ್ತಾರೆ. "ಚಳಿ ಬಿದ್ದಾಗಿಂದ ಯಾವ್ದು ಬಂದ್ರೂ ಹೊದಿಸೀನಿ. ಒಂದಕ್ಕೆ ಹೊದಿಸಿ ಒಂದಕ್ಕೆ ಬಿಡಾಕಾಗ್ತೈತೇನವ್ವ?"

ಅವಳಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯುವುದಿಲ್ಲ. ಹೋದ ವಾರ ತಾನು ಹಸಿರು ಎಂದು ತೋರಿಸಿದ್ದೆಲ್ಲ ಕಂಬಳಿಯ ಹಸಿರಿರಬಹುದು. ಇನ್ನೊಮ್ಮೆ ಕೈ ತಪ್ಪಿತು ಎಂದು ಹೇಳಲೇ? ಹೋದ ವಾರವಿಡೀ ತಪ್ಪಿತು ಎನ್ನಲೇ? ಹಾಗೆ ಹೇಳಿದರೆ ಇವತ್ತಿಗೆ ಟೆಂಪೋ ನಿಲ್ಲುತ್ತದೆ. ಆದರೆ ಕಂಬಳಿ ನಿಲ್ಲುವುದಿಲ್ಲ. ಓಬಳೇಶಣ್ಣನಿಗೆ ರಜೆ ಇದ್ದ ದಿನ ಕಾವಲಿಗೆ ಬರುವವನೂ ಇದೇ ಸೀಮೆಯವನು, ಅವನ ಹೆಗಲ ಮೇಲೂ ಕಂಬಳಿ ಇರುತ್ತದೆ. ಅವಳು ಕಡಿಮೆ ಮಾತಿನಲ್ಲಿ ಓಬಳೇಶಣ್ಣನಿಗೆ ವಿಷಯ ಹೇಳುತ್ತಾಳೆ. ಬೆಚ್ಚಗಿದ್ದರೆ ಯಂತ್ರಕ್ಕೆ ಗಾಯ ಕಾಣುವುದಿಲ್ಲ, ಅಷ್ಟೇ.

ಟೆಂಪೋ ಗೇಟಿನವರೆಗೆ ಬಂದು ಹಾರ್ನ್ ಹೊಡೆಯುತ್ತದೆ. ಓಬಳೇಶಣ್ಣ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದಾರೆ, ತೆಗೆಯುವುದಿಲ್ಲ.

"ಏಯ್ ಓಬಳೇಶ, ಕಿವಿಗೇನು ಹತ್ತಿ ಇಟ್ಕಂಡೀಯ? ತೆಗಿಯೋ," ಎಂದು ಮುಂದಿನ ಸೀಟಿನಿಂದ ಮಲ್ಲಿಕಾರ್ಜುನಪ್ಪನವರು ತಲೆ ಹೊರಗೆ ಹಾಕುತ್ತಾರೆ.

"ತೆಗಿತೀನಿ ಸ್ವಾಮಿ. ಗಂಗವ್ವ ಏನೋ ಹೇಳ್ಬೇಕಂತೆ." ಆಮೇಲೆ ಅವಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ: "ಹೇಳವ್ವ. ಕಾವಲು ಹೋದ್ರೆ ಕುರಿ ಐದಾವೆ. ಆ ಕಡೆ ಮೇಯಿಸೋರಾಗೆ ನಮ್ ತಮ್ಮನೂ ಒಬ್ಬ."

ಗಂಗಲಕ್ಷ್ಮಿ ಟೆಂಪೋದ ಕಿಟಕಿಯವರೆಗೆ ಹೋಗುತ್ತಾಳೆ. ಅವಳ ಬಾಯಿಂದ ಬಂದದ್ದು ಪಿಸುಮಾತು. ಎಂಜಿನ್ ಸದ್ದಿಗೆ ಕೇಳುವುದಿಲ್ಲ. ಡ್ರೈವರ್ ಎಂಜಿನ್ ಆರಿಸುತ್ತಾನೆ. "ಪ್ರೋಬ್ ಸರಿ ಇತ್ತು ಸರ್. ನನ್ ಕೈ ತಪ್ಪಿರ್ಲಿಲ್ಲ. ರೆಕ್ಕೆ ಬೆಚ್ಚಗಿತ್ತು, ಅದಕ್ಕೇ ಒಳಗಿನ ಪೆಟ್ಟು ಕಾಣ್ಲಿಲ್ಲ. ಈ ರೆಕ್ಕೇನೂ ಹಂಗೇ ನೋಡಿದ್ದು. ಇದನ್ನ ಹಾರಿಸ್ಬ್ಯಾಡ್ರಿ."

"ಬೆಚ್ಚಗ್ಯಾಕಿತ್ತು?"

"ನಾನು ಕಂಬಳಿ ಹೊದಿಸಿದ್ದೆ ಸ್ವಾಮಿ," ಎನ್ನುತ್ತಾರೆ ಓಬಳೇಶಣ್ಣ, ಅವಳಿಗಿಂತ ಮೊದಲೇ.

ರಶ್ಮಿತಾ ಹಿಂದಿನಿಂದ ಇಳಿದು ಬರುತ್ತಾರೆ. ಅವರ ಮುಖದಲ್ಲಿ ಸಿಟ್ಟಿಲ್ಲ, ಲೆಕ್ಕ ಓಡುತ್ತಿದೆ. ಎಷ್ಟು ಹೊತ್ತಿಗೆ ಹೊದಿಸಿದ್ದು, ಎಷ್ಟು ಮಡಿಕೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಒಂದೊಂದಾಗಿ ಕೇಳುತ್ತಾರೆ. ಓಬಳೇಶಣ್ಣ ಶೆಡ್ಡಿನೊಳಗೆ ಹೋಗಿ ಕಂಬಳಿ ಹಾಸಿ ತೋರಿಸುತ್ತಾರೆ. ಅದು ಅರ್ಧ ರೆಕ್ಕೆಗೆ ಬರುತ್ತದೆ.

"ಥರ್ಮಾಮೀಟರ್ ಬುಡದಲ್ಲಿ ಮಾತ್ರ ಹಾಕಿದ್ದು ನನ್ನ ಯೋಚನೆ," ಎನ್ನುತ್ತಾರೆ ರಶ್ಮಿತಾ ಕೊನೆಗೆ. "ತುದಿಗೂ ಒಂದು ಹಾಕಿದ್ದರೆ ಅವತ್ತೇ ಗೊತ್ತಾಗ್ತಿತ್ತು."

ಮಲ್ಲಿಕಾರ್ಜುನಪ್ಪನವರು ಕಂಬಳಿಯನ್ನೂ ರೆಕ್ಕೆಯನ್ನೂ ಬೋರ್ಡನ್ನೂ ನೋಡುತ್ತಾ ತಲೆ ಕೆರೆದುಕೊಳ್ಳುತ್ತಾರೆ. ಅವರ ತಾತನ ಮನೆಯಲ್ಲೂ ಕರು ಹಾಕಿದ ದಿನ ಕರುವಿಗೆ ಕಂಬಳಿ ಹೊದಿಸುತ್ತಿದ್ದರಂತೆ. "ಅಲ್ಲ ಕಣೋ, ಹೊದಿಸೋನು ಅರ್ಧಕ್ಕೆ ಯಾಕೆ ಹೊದಿಸ್ದೆ? ಪೂರ್ತಿ ಹೊದಿಸಿದ್ರೆ ಎಲ್ಲಾ ಕಡೆ ಒಂದೇ ಸಮ ಇರ್ತಿತ್ತಲ್ಲೋ?"

"ನನ್ ಕಂಬಳಿ ಇರೋದೇ ಅಷ್ಟುದ್ದ ಸ್ವಾಮಿ."

ಮೊದಲು ನಕ್ಕದ್ದು ರಶ್ಮಿತಾ. ನಗುತ್ತಲೇ ಅವರು, ಅದೇನೂ ಕೆಟ್ಟ ಯೋಚನೆಯಲ್ಲ, ಗಾಳಿ ನುಗ್ಗುವ ಶೆಡ್ಡಿನಲ್ಲಿ ಇಡೀ ರೆಕ್ಕೆಗೆ ಒಂದೇ ದಪ್ಪದ ಹೊದಿಕೆ ಇದ್ದರೆ ಅಳತೆ ಇನ್ನೂ ಚೆನ್ನಾಗಿ ಬರಬಹುದು ಎನ್ನುತ್ತಾರೆ. ಆ ದಿನ ಯಾವುದೂ ಹಾರುವುದಿಲ್ಲ. ಚಳಿ ಶುರುವಾದ ಮೇಲೆ ನೋಡಿದ ಉಳಿದೆಲ್ಲ ರೆಕ್ಕೆಗಳನ್ನೂ ಗಂಗಲಕ್ಷ್ಮಿ ಮುಂದಿನ ಬೆಳಗುಗಳಲ್ಲಿ ಮತ್ತೆ ನೋಡುತ್ತಾಳೆ. ಕಂಬಳಿ ಇಲ್ಲದೆ, ತುದಿಗೊಂದು ಬುಡಕ್ಕೊಂದು ಥರ್ಮಾಮೀಟರ್ ಇಟ್ಟು. ಒಂದೊಂದೂ ಹಸಿರು ಬರುತ್ತದೆ, ನಿಜವಾದ ಹಸಿರು. ಎರಡನೇ ವಿಮಾನದ ರೆಕ್ಕೆಯ ಕೊನೆಯ ಬೊಟ್ಟು ಮುಗಿದಾಗ ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈಯಿಂದ ಮುಖ ಉಜ್ಜಿಕೊಳ್ಳುತ್ತಾಳೆ. ಏನಾದರೂ ಸಿಗಲಿ ಎನ್ನುವ ಆಸೆ ಆ ಹೊತ್ತಿಗೆ ಅವಳಲ್ಲಿ ಒಂದಿಷ್ಟೂ ಇರಲಿಲ್ಲವಂತೆ.

ಓಬಳೇಶಣ್ಣ ಕೆಲಸದಲ್ಲಿದ್ದಾರೆ. ಬಾಗಿಲಿನ ಬೋರ್ಡಿಗೆ ಒಂದು ಸಾಲು ಸೇರಿದೆ: ಮುಟ್ಟುವ ಮೊದಲು ಹೇಳಿ. ರೆಕ್ಕೆಗಳಿಗೆ ಈಗ ಬುಡದಿಂದ ತುದಿಯವರೆಗೆ ಬರುವ ಉದ್ದನೆಯ ಕಂಬಳಿಗಳಿವೆ. ಓಬಳೇಶಣ್ಣನ ತಮ್ಮನೇ ನೇಯಿಸಿ ತಂದುಕೊಟ್ಟದ್ದು. "ಇಷ್ಟುದ್ದದ್ದು ಯಾರಿಗೋ, ರಾಕ್ಷಸರಿಗಾ ಅಂತ ಕೇಳಿದ್ರಂತೆ ನೇಯೋರು," ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ರೋಮ ಅಂಟದಿರಲೆಂದು ಕಂಬಳಿಯ ಒಳಮೈಗೆ ತೆಳು ಬಟ್ಟೆ ಹೊಲಿದಿದೆ. ಹೊದಿಸುವುದು, ತೆಗೆಯುವುದು ಎರಡೂ ಗಂಗಲಕ್ಷ್ಮಿ ಹೇಳಿದ ಹೊತ್ತಿಗೆ.

ಹೊದಿಕೆ ಹಾಕಿ ಮೊದಲ ಸಲ ಅಳತೆ ಮುಗಿಸಿದ ಬೆಳಗ್ಗೆ, ತಗಡಿನ ಸಂದಿನಿಂದ ಬಿಸಿಲು ಒಳಗೆ ಬರುವ ಹೊತ್ತಿಗೆ, ಇಬ್ಬರು ಹೆಂಗಸರು ಕಂಬಳಿಯ ಎರಡು ತುದಿ ಹಿಡಿದು ಮಡಿಸುತ್ತಿದ್ದಾರೆ. ಒಬ್ಬರು ಎಂಜಿನಿಯರ್, ಒಬ್ಬಳು ಏಜೆನ್ಸಿಯ ನೌಕರಿಯವಳು. ಮಡಿಸುತ್ತಾ ಮಡಿಸುತ್ತಾ ಹತ್ತಿರವಾದಾಗ ರಶ್ಮಿತಾ ಕೇಳುತ್ತಾರೆ.

"ಒಂದು ಮಾತು ಕೇಳ್ಲಾ ಗಂಗಾ? ಓಬಳೇಶಣ್ಣನ್ನ ಉಳಿಸೋಕೆ ಸುಳ್ಳು ಹೇಳಿದ್ರಿ, ಅದು ಗೊತ್ತಾಯ್ತು. ಆದ್ರೆ ನಿಮ್ಮ ಕೈ ತಪ್ತು ಅಂತ ಯಾಕೆ ಅಂದ್ರಿ? ಮೀಟರ್ ಕೈಕೊಡ್ತು ಅನ್ನಬಹುದಿತ್ತಲ್ಲ."

ಗಂಗಲಕ್ಷ್ಮಿ ಕಂಬಳಿಯ ಅಂಚನ್ನು ಅಂಚಿಗೆ ಕೂಡಿಸುತ್ತಾಳೆ. ಉತ್ತರ ಅವಳ ಬಳಿ ಆ ದಿನದಿಂದಲೂ ಇತ್ತು. ಬೇರೆ ಯಾರಾದರೂ ಕೇಳಿದ್ದರೆ ನೆಲ ನೋಡುತ್ತಿದ್ದಳೇನೋ. ಈಗ ಮುಖ ಎತ್ತಿ ರಶ್ಮಿತಾರನ್ನೇ ನೋಡುತ್ತಾಳೆ, ದನಿ ನಡುಗುವುದಿಲ್ಲ.

"ಮೀಟರ್ ಕೆಟ್ಟೈತೆ ಅಂದಿದ್ರೆ ಬಿಚ್ಚಿ ನೋಡ್ತಿದ್ರಿ ಮೇಡಂ. ನಂದೇ ತಪ್ಪು ಅಂದ್ರೆ ಯಾರೂ ಇನ್ನೊಂದು ಮಾತು ಕೇಳಲ್ಲ ಅಂತ ನಂಗೆ ಗೊತ್ತಿತ್ತು."